ಹತ್ತಿ ದರವನ್ನು ನಾಲ್ಕಾಗಿ ಮಡಚುವ ಚಾಚಾ

ನಮ್ಮ ಪಕ್ಕದ ಮನೆಯ ಚಾಚಾ 'ಇವತ್ತು' ಎಂಬ ದಿನವನ್ನು ನಂಬುವುದೇ ಇಲ್ಲ! ನಿನ್ನೆಯನ್ನು ನಂಬುತ್ತಾರೆ, ಮೊನ್ನೆಯನ್ನು ನಂಬುತ್ತಾರೆ, ಅದರ ಹಿಂದಿನ ದಿನದ ಮೇಲಂತೂ ಅವರಿಗೆ ಅಪಾರ ವಿಶ್ವಾಸ. ಎದುರಿಗೆ ಬಂದು ನಿಂತ ಈ ದಿನವನ್ನು ಮಾತ್ರ ಗುರುತಿಲ್ಲದ ಗಿರಾಕಿಯನ್ನು ನೋಡುವ ಹಾಗೆ ಮೇಲಿನಿಂದ ಕೆಳಗಿನವರೆಗೆ ನೋಡುತ್ತಾರೆ.

ಚಾಚಾ ನವಲಗುಂದದಲ್ಲಿ ಟೇಲರು. ಅಂಗಡಿ, ಮನೆ ಎರಡೂ ಒಂದೇ: ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಚಾಚಿ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಆದ್ದರಿಂದ ಇಡೀ ಓಣಿಗೆ 'ಅಕ್ಕೋರು'. ಕಂಡದ್ದನ್ನು ಕಂಡಷ್ಟೇ ಬರೆಯಿರಿ ಎಂದು ಮಕ್ಕಳಿಗೆ ದಿನವೂ ಹೇಳುವುದರಿಂದ ಇಲ್ಲಿಯೂ ಹಾಗೇ ಬರೆಯಲು ನೋಡುತ್ತೇನೆ. ಉತ್ಪ್ರೇಕ್ಷೆ ಎಲ್ಲಾದರೂ ಕಂಡರೆ ಅದು ಚಾಚಾನದು.

ಇದು ಚಾಚಿ ಕಾಮಣಿಯಲ್ಲಿ ಮಲಗಿ ಎದ್ದ ವರ್ಷದ ಮಾತು. ಕಣ್ಣಿನ ಹಳದಿ ಇಳಿಯಿತು, ಜ್ವರ ಇಳಿಯಿತು. ಹಸಿವು ಮಾತ್ರ ವಾಪಸು ಬರಲಿಲ್ಲ. ಹುಬ್ಬಳ್ಳಿಯ ಡಾಕ್ಟರು, "ನನ್ನ ಕೆಲಸ ಮುಗಿತ್ರಿ. ಇನ್ನ ಅಡಗಿ ಮನಿ ಕೆಲಸ. ಇವರು ಉಣಲಿಲ್ಲಂದ್ರ ನಾ ಏನ್ ಕೊಟ್ರೂ ಮೈಗೆ ಹತ್ತಂಗಿಲ್ಲ" ಎಂದು ಹೇಳಿ ಕಳಿಸಿದ್ದರು. ಓಣಿಯ ಆ ತುದಿಗೆ ಕೇಳುವ ಹಾಗೆ ನಗುತ್ತಿದ್ದ, ಮೈಕೈ ತುಂಬಿಕೊಂಡಿದ್ದ ಚಾಚಿ ಒಂದೆರಡು ತುತ್ತು ತಿಂದು ತಾಟು ಸರಿಸುತ್ತಿದ್ದರು. ಅವರು ಉಂಡಾರೋ ಇಲ್ಲವೋ ಎಂಬುದೊಂದೇ ಆಗ ನಮ್ಮ ಎರಡೂ ಮನೆಗಳ ಚಿಂತೆ. ನಾನು ದಿನವೂ ಏನಾದರೊಂದು ಮಾಡಿ ಬಟ್ಟಲಲ್ಲಿ ಹಾಕಿಕೊಂಡು ಹೋಗುತ್ತಿದ್ದೆ. ಬಟ್ಟಲು ಬಹುಮಟ್ಟಿಗೆ ಹೋದ ಹಾಗೇ ತಿರುಗಿ ಬರುತ್ತಿತ್ತು. ಹೀಗೆ ಹೋಗಿಬರುವಾಗಲೇ ನನ್ನ ಕಣ್ಣಿಗೆ ಬಿದ್ದದ್ದು, ಅಂಗಡಿಯ ಗೋಡೆಯ ಉದ್ದಕ್ಕೂ ಮೊಳೆ ಹೊಡೆದು ತೂಗು ಹಾಕಿದ್ದ ಒಂದು ಬಿಳಿ ಬಟ್ಟೆಯ ಪಟ್ಟಿ. ಅದರ ಮೇಲೆ ಕೆಂಪು ದಾರದ ಒಂದು ಹೊಲಿಗೆ ಆಡಿನ ಹಾಗೆ ಹತ್ತಿ ಇಳಿದು ಹೋಗಿತ್ತು. ಅದರ ಜೊತೆಗೇ ನೀಲಿ ದಾರದ ಇನ್ನೊಂದು ಹೊಲಿಗೆ ಎಮ್ಮೆಯ ಹಾಗೆ ನಿಧಾನವಾಗಿ ನಡೆದಿತ್ತು.

"ಇದೇನ್ರಿ ಚಾಚಾ, ಬಾಗಲ ಪಡದೆ?"

"ಪಡದೆ ಅಲ್ರಿ ಅಕ್ಕೋರ, ಪ್ಯಾಟಿ! ಕೆಂಪಂದು ಹತ್ತಿ ದರ. ನೀಲಿದು ಹತ್ತಿ ಬುದ್ಧಿ."

ಚಾಚಾನಿಗೆ ಹೊಲ ಇದೆಯೇ? ಇಲ್ಲ. ಹತ್ತಿಯ ವ್ಯಾಪಾರ? ಅದೂ ಇಲ್ಲ. ಹಿತ್ತಲಲ್ಲಿ ಒಂದಾದರೂ ಹತ್ತಿ ಗಿಡ? ಇತ್ತು, ಆಡು ತಿಂದಿತು! ಮತ್ತೆ ಈ ಉಸಾಬರಿ ಏಕೆ ಎಂದರೆ ಅವರು ನನ್ನನ್ನೇ ಕನಿಕರದಿಂದ ನೋಡಿದರು. "ನನ್ನ ಮಾಲು ಬಟ್ಟಿ. ಬಟ್ಟಿ ಅವ್ವ ನೂಲು. ನೂಲಿನ ಅವ್ವ ಹತ್ತಿ. ಅಷ್ಟು ಸನೇದ ಬಳಗದ ಸುದ್ದಿ ಕೇಳಬ್ಯಾಡೇನ್ರಿ?"

ಸಂಜೆ ಮೊಬೈಲಿಗೆ ಅಂದಿನ ಹತ್ತಿ ದರ ಬರುತ್ತದೆ. ಅದೇ ಮೊಬೈಲಿನಲ್ಲಿ ಕೋಟು ತೊಟ್ಟ ಒಬ್ಬ ಮನುಷ್ಯ ಹಿಂದಿಯಲ್ಲಿ ಶೇರು ಪೇಟೆಯ ಪಾಠ ಹೇಳುತ್ತಾನೆ. ಚಾಚಾ ಮೊದಲು ನೋಡಿದ್ದು ಪಾಠವನ್ನಲ್ಲ, ಕೋಟಿನ ಕಾಲರನ್ನು. ಆದರೆ ಆತನ ಮಾತೊಂದು ಕಿವಿಗೆ ಬಿತ್ತು: ಒಂದು ದಿನದ ದರವನ್ನು ನಂಬಬೇಡಿ. ಹಿಂದಿನ ಐದು ದಿನಗಳ ದರ ಕೂಡಿಸಿ ಸರಾಸರಿ ತೆಗೆಯಿರಿ. ನಾಳೆ ಹೊಸ ದಿನವನ್ನು ಸೇರಿಸಿಕೊಂಡು, ಎಲ್ಲಕ್ಕಿಂತ ಹಳೆಯ ದಿನವನ್ನು ಬಿಟ್ಟು ಮತ್ತೆ ತೆಗೆಯಿರಿ. ಹೀಗೆ ದಿನದ ಜೊತೆ ಸರಾಸರಿಯೂ ಮುಂದೆ ಸರಿಯುತ್ತ ಹೋಗುತ್ತದೆ. ದರದ ನಿಜವಾದ ನಡಿಗೆ ಅದರಲ್ಲಿ ಕಾಣುತ್ತದೆ.

ಚಾಚಾ ಯಂತ್ರ ನಿಲ್ಲಿಸಿ ಎರಡನೆಯ ಸಲ ಕೇಳಿದರಂತೆ. ಅಲ್ಲಿಂದ ಶುರು!

ಆದರೆ ಕೂಡಿಸಿ ಭಾಗಿಸುವುದು ಅವರ ಕೈಗೆ ಒಗ್ಗುವ ಕೆಲಸವಲ್ಲ. ಅವರು ಕಂಡುಕೊಂಡ ದಾರಿ ಬೇರೆ. ಒಂದು ದರವನ್ನು ಬಟ್ಟೆಯ ಕೆಳ ಅಂಚು ಎಂದು ಗೊತ್ತು ಮಾಡಿಕೊಂಡರು. ಅಲ್ಲಿಂದ ಮೇಲಕ್ಕೆ ನೂರು ರೂಪಾಯಿಗೆ ಒಂದು ಇಂಚು. ದಿನದ ದರ ಎಷ್ಟು ಎತ್ತರ ಏರಿತೋ ಅಷ್ಟು ಉದ್ದದ ಲಾಡಿ ಕತ್ತರಿಸುತ್ತಾರೆ. ಪಾಯಜಾಮಾಕ್ಕೆ ಹಾಕುತ್ತಾರಲ್ಲ, ಅದೇ ಲಾಡಿ. ನಾಲ್ಕು ದಿನಗಳ ನಾಲ್ಕು ತುಂಡುಗಳನ್ನು ಸಾಲಾಗಿ ಜೋಡಿಸಿ ಹೊಲಿದು, ಇಡೀ ಲಾಡಿಯನ್ನು ಎರಡು ಸಲ ಮಡಚುತ್ತಾರೆ. ಮಡಚಿದಾಗ ಎಷ್ಟು ಉದ್ದ ಉಳಿಯಿತೋ ಅದೇ ಸರಾಸರಿ! ಅಷ್ಟು ಎತ್ತರದಲ್ಲಿ ಸುಣ್ಣದ ಗುರುತು, ಗುರುತಿನ ಮೇಲೆ ನೀಲಿ ಹೊಲಿಗೆ. ಮರುದಿನ ಲಾಡಿಯ ಒಂದು ತುದಿಯ ಹಳೆಯ ತುಂಡನ್ನು ಕತ್ತರಿಸಿ ಒಗೆಯುವುದು, ಇನ್ನೊಂದು ತುದಿಗೆ ಹೊಸದನ್ನು ಹೊಲಿಯುವುದು, ಮತ್ತೆ ಮಡಚುವುದು. ರವಿವಾರ ಪೇಟೆ ಬಂದ್; ಆ ಜಾಗದಲ್ಲಿ ಒಂದು ಗುಂಡಿ ಹಚ್ಚಿ ಮುಂದೆ ಹೋಗುತ್ತಾರೆ.

"ಅಲ್ರಿ, ಆ ಕೋಟಿನವ ಐದು ದಿನ ಅಂದಿದ್ನಲ್ಲ? ನೀವ್ಯಾಕ ನಾಕು?" ಎಂದು ಕೇಳಿದೆ.

"ಐದ ಮಡಚಿ ತೋರಸ್ರಿ ನೋಡೂಣು!"

ಪ್ರಯತ್ನಿಸಿದೆ. ಐದನೆಯ ಮಡಿಕೆ ಪ್ರತಿ ಸಲವೂ ಉಳಿದ ನಾಲ್ಕರ ಜೊತೆ ಜಗಳಕ್ಕೆ ನಿಂತಿತು. ಸುಮ್ಮನೆ ಲಾಡಿ ಕೆಳಗಿಟ್ಟೆ. ಮನೆಗೆ ಬಂದು ಪೆನ್ಸಿಲಿನಿಂದ ಲೆಕ್ಕ ಮಾಡಿ ನೋಡಿದರೆ ಅವರ ಗುರುತಿಗೂ ನನ್ನ ಉತ್ತರಕ್ಕೂ ಒಂದು ಕೂದಲೆಳೆಯಷ್ಟು ವ್ಯತ್ಯಾಸ. ಹೇಳಿದೆ. "ನಿಮ್ಮ ಪೆನ್ಸಿಲ್ ಮೊಂಡ ಆಗಿರಬೇಕು" ಎಂದರು.

ಒಂದು ವಾರ ಮಾತ್ರ ನೀಲಿ ಗೆರೆ ಏಕಾಏಕಿ ಗುಡ್ಡ ಹತ್ತಿತು. ಓಣಿಯಲ್ಲಿ ಸುದ್ದಿಯೋ ಸುದ್ದಿ. ತಿರ್ಲಾಪುರದಿಂದ ಅಂಗಿ ಹೊಲಿಸಲು ಬಂದಿದ್ದ ಗಿರಾಕಿಯೊಬ್ಬರು ಗೋಡೆ ನೋಡಿ, ಪೇಟೆಗೆ ಫೋನು ಮಾಡಿ, ಮತ್ತೆ ಗೋಡೆ ನೋಡಿದರು.

"ಚಾಚಾ, ನಿಮ್ಮ ದಾರ ಏರೇತಿ, ಪ್ಯಾಟಿ ಯಾಕ ಏರಿಲ್ಲ?"

ನಾನು ಹತ್ತಿರ ಹೋಗಿ ನೋಡಿದೆ. ನಾಲ್ಕು ದಿನಗಳಲ್ಲಿ ಒಂದು ದಿನವೂ ಮುಟ್ಟದ ಎತ್ತರವನ್ನು ನಾಲ್ಕರ ಸರಾಸರಿ ಮುಟ್ಟಿತ್ತು! ನಾಲ್ಕು ಜನ ಗಿಡ್ಡರನ್ನು ಕೂಡಿಸಿ ಸರಾಸರಿ ತೆಗೆದರೆ ಒಬ್ಬ ಉದ್ದನೆಯ ಮನುಷ್ಯ ಬರುತ್ತಾನೆಯೇ? ಹುಡುಕಿದಾಗ ತಿಳಿಯಿತು: ಅಂಗಡಿಯಲ್ಲಿ ಲಾಡಿ ಮುಗಿದಿತ್ತು, ಚಾಚಾ ಇಲಾಸ್ಟಿಕ್ ಬಳಸಿದ್ದರು. ಮಡಚಿದ ಮೇಲೆ ಸೆಟೆದು ನಿಲ್ಲಲಿ ಎಂದು ಅದನ್ನು ಜಗ್ಗಿ ಹಿಡಿದು ಅಳೆದಿದ್ದರು.

ಚಾಚಾ ಗಿರಾಕಿಯ ಕಡೆಗೆ ತಿರುಗಿ ಗಂಭೀರವಾಗಿ ಹೇಳಿದರು: "ತಪ್ಪು ಪ್ಯಾಟಿದು ಅಲ್ರಿ. ಅವರು ಇಲಾಸ್ಟಿಕ್ ಹಾಕಿಲ್ಲ, ಅಷ್ಟ."

ಒಳಗಿನಿಂದ ನಗು ಬೆರೆತ ಚಾಚಿಯ ಸಣ್ಣ ದನಿ ಬಂತು: "ಹಾಕ್ಯಾರಲ್ಲ, ನಿಮ್ಮ ನಾಲಿಗಿಗೆ!" ಕಾಮಣಿಯ ನಂತರ ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಓಡಿಹೋಗಿ ನೋಡಿದೆ. ನಗುತ್ತಿದ್ದರು ನಿಜ. ತಾಟು ಮಾತ್ರ ಹಾಗೇ ಇತ್ತು.

ಆ ತಾಟಿನ ವಿಷಯಕ್ಕೂ ಬರುತ್ತೇನೆ. ಆಗ ಅಡಿಗೆ ಚಾಚಾನದೇ. ಗಂಡಹೆಂಡಿರಿಬ್ಬರೇ ಇದ್ದಾಗ ಅವರ ಜಗಳ ಉರ್ದುವಿನಲ್ಲಿ. ನಾನು ಹೋದರೆ ನನಗೂ ಪಾಲು ಸಿಗಲಿ ಎಂದು ಕನ್ನಡದಲ್ಲಿ. ಒಂದು ದಿನ ಸಾರಿಗೆ ಉಪ್ಪು ವಿಪರೀತ ಬಿದ್ದಿತ್ತು. ಚಾಚಿ ಮುಖ ಕಿವಿಚಿದರು.

"ಇವತ್ತಿಂದೊಂದ ನೋಡಬ್ಯಾಡ" ಎಂದರು ಚಾಚಾ. "ನಿನ್ನಿ ಉಪ್ಪು ಕಡಿಮಿ ಇತ್ತು. ಎರಡೂ ಕೂಡಿಸಿ ಮಡಚಿದ್ರ ಅಗದಿ ಬರೋಬರಿ ಐತಿ."

"ನಿನ್ನಿ ಸಾರು ನಿನ್ನೇನ ಹೊಟ್ಟ್ಯಾಗ ಹೋತು. ಇವತ್ತಿಂದರಾಗ ಅದನ್ನ ಹೆಂಗ ಕೂಡಸ್ಲಿ? ನೀನ ಹೇಳವ್ವಾ!"

ನಾನು ವಿಜ್ಞಾನದವಳು. ಇಬ್ಬರ ಮಾತೂ ಸರಿ ಅನ್ನಿಸಿತು.

ಓಣಿಯವರು ಬಾಗಿಲಲ್ಲಿ ನಿಂತು, "ಚಾಚಿ ಇವತ್ತ ಹೆಂಗದಾರ್ರಿ?" ಎಂದು ಕೇಳಿದರೆ ಚಾಚಾ ತಲೆ ಎತ್ತದೆ, "ಇವತ್ತಿಂದು ಕೇಳಬ್ಯಾಡ್ರಿ. ಒಂದ ದಿನ ಇಳದ್ರ ಇಳದಂಗಲ್ಲ" ಎನ್ನುತ್ತಿದ್ದರು. ಜನ ನಕ್ಕು ಹೋಗುತ್ತಿದ್ದರು. ನಾನೂ ಮೊದಮೊದಲು ನಕ್ಕೆ.

ಈ ಚಟ ಅಲ್ಲಿಗೇ ನಿಂತಿದ್ದರೆ ನಮ್ಮ ಹೆಡ್‌ಮಾಸ್ತರರ ಮರ್ಯಾದೆ ಉಳಿಯುತ್ತಿತ್ತು. ಅವರು ಪ್ಯಾಂಟು ಹೊಲಿಸಲು ಬಂದರು. ಚಾಚಾ ಸೊಂಟದ ಅಳತೆ ತೆಗೆದುಕೊಂಡು ಕೇಳಿದರು:

"ಸರ, ಮುಂಜಾನೆ ಏನ್ ತಿಂದ್ರಿ?"

"ರೊಟ್ಟಿ, ಎಣ್ಣಿಗಾಯಿ, ಮ್ಯಾಲೆ ಒಂದೀಟ ಮೊಸರನ್ನ. ಯಾಕ?"

"ಹಂಗಂದ್ರ ಇವತ್ತಿನ ಹೊಟ್ಟಿ ನಂಬೂದು ಕಠಿಣ ಐತ್ರಿ."

ಚಾಚಾನ ಗೋಡೆಯ ಮೇಲೆ ಎಲ್ಲ ಗಿರಾಕಿಗಳ ಹಳೆಯ ಅಳತೆಯ ಕಾಗದದ ಕಟಿಂಗುಗಳು ಮೊಳೆಗೆ ಚುಚ್ಚಿಕೊಂಡು ತೂಗುತ್ತಿರುತ್ತವೆ. ಹೆಡ್‌ಮಾಸ್ತರರ ಹಿಂದಿನ ಮೂರು ಅಳತೆ, ಇಂದಿನದೊಂದು, ಒಟ್ಟು ನಾಲ್ಕನ್ನೂ ಲಾಡಿಯಲ್ಲಿ ಕೂಡಿಸಿ ಮಡಚಿದರು. ಪ್ಯಾಂಟು ತಯಾರಾಯಿತು. ಹೆಡ್‌ಮಾಸ್ತರರು ಅಂಗಡಿಯ ಪರದೆಯ ಹಿಂದೆ ಹೋಗಿ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಕೊನೆಗೆ ಉಸಿರು ಬಿಗಿಹಿಡಿದ ದನಿಯೊಂದು ಕೇಳಿತು: "ಗುಂಡಿ ಹತ್ತವಲ್ದೋ ಮಾರಾಯಾ!"

ಕಾರಣ ನನಗೆ ಹೊಳೆಯಿತು. ಹೆಡ್‌ಮಾಸ್ತರರ ಹೊಟ್ಟೆ ಹತ್ತಿ ದರದ ಹಾಗೆ ಏರಿ ಇಳಿಯುವಂಥದ್ದಲ್ಲ, ಏರುತ್ತಲೇ ಇರುವಂಥದ್ದು. ಏರುತ್ತಲೇ ಇರುವುದರ ಸರಾಸರಿ ಯಾವಾಗಲೂ ಅದಕ್ಕಿಂತ ಕೆಳಗೇ ಉಳಿಯುತ್ತದೆ. ಇದನ್ನು ವಿವರಿಸಿ ಹೇಳಿದೆ. ಚಾಚಾ ಗಲ್ಲ ಕೆರೆದುಕೊಂಡು ಯೋಚಿಸಿದರು. "ಖರೇ ಐತ್ರಿ. ಹೊಟ್ಟಿ ಮುಂದ ಓಡೇತಿ, ನನ್ನ ಲಾಡಿ ಹಿಂದ ನಡದೈತಿ." ಪರದೆಯ ಹಿಂದಿನವರು, "ನೀವಿಬ್ರೂ ಶಾಸ್ತ್ರ ಆಮ್ಯಾಲೆ ಮಾಡ್ರಿ, ಮೊದಲ ನನ್ನ ಬಿಡಸ್ರಿ!" ಎಂದು ಕೂಗಿದರು. ಒಳಗೆ ಹೆಚ್ಚುವರಿ ಬಟ್ಟೆ ಬಿಟ್ಟಿದ್ದರಿಂದ ಬಿಚ್ಚಿ ಹೊಲಿಯಲು ಸಾಧ್ಯವಾಯಿತು.

ಈ ಕಥೆ ಊರೆಲ್ಲ ಹರಡಿತು. ಅಂಗಡಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದ ಚಾಚಾನ ಹಳೆಯ ಗೆಳೆಯರೊಬ್ಬರು ಅದೇ ಹುರುಪಿನಲ್ಲಿ, "ಲೇ, ಹತ್ತಿದು ಹೊಲದಿ, ಮಾಸ್ತರ ಹೊಟ್ಟಿದು ಹೊಲದಿ. ನಿನ್ನ ಹೆಣ್ತಿದೂ ಒಂದ ಗೀಟು ಹೊಲಿಯಲಾ! ಏರಾಕತ್ತಾಳೋ ಇಳ್ಯಾಕತ್ತಾಳೋ ಗೊತ್ತಾಗತೈತಿ" ಎಂದರು.

ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಯಂತ್ರ ನಿಂತಿತು. ಚಾಚಾ ಚಕ್ರದ ಮೇಲೆ ಇಟ್ಟ ಕೈ ಎತ್ತಲಿಲ್ಲ.

"ಆಕಿ ಏನ್ ಪ್ಯಾಟಿ ಮಾಲೇನಲೇ?" ಎಂದರು.

ಗೆಳೆಯರು ಚಹಾದ ಲೋಟ ಕೆಳಗಿಟ್ಟರು. ಅಲ್ಲಿಂದ ಮುಂದೆ ಆ ಮಾತನ್ನು ಯಾರೂ ಎತ್ತಲಿಲ್ಲ.

ರಂಜಾನ್ ಹಬ್ಬ ಹತ್ತಿರ ಬಂತು. ಚಾಚಿಗೆ ಹೊಸ ಬ್ಲೌಸು ಹೊಲಿಯಬೇಕೆಂದು ಚಾಚಾ ಟೇಪು ಹಿಡಿದು ಒಳಗೆ ಬಂದಾಗ ನಾನು ಹೆಸರುಬೇಳೆ ಪಾಯಸದ ಬಟ್ಟಲು ಹಿಡಿದು ಅಲ್ಲೇ ಕುಳಿತಿದ್ದೆ. ಅವರು ಚಾಚಿಯ ತೋಳಿಗೆ ಟೇಪು ಸುತ್ತಿದರು. ಬಿಚ್ಚಿ ಇನ್ನೊಮ್ಮೆ ಸುತ್ತಿದರು. ಅಂಕಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಟೇಪನ್ನು ಕೊರಳಿಗೆ ಹಾಕಿಕೊಂಡು, "ಈ ಟೇಪ ಹಳೇದಾಗಿ ಜಗ್ಗೇತಿ. ಕಡಿಮಿ ತೋರಸ್ತೈತಿ" ಎಂದರು. ನಮ್ಮ ಶಾಲೆಯಲ್ಲಿ ಹೊಸ ಟೇಪು ಇತ್ತು. ತಂದುಕೊಡಲೇ ಎಂದು ಕೇಳುವವಳಿದ್ದೆ. ಅವರ ಮುಖ ನೋಡಿ ಕೇಳಲಿಲ್ಲ.

ಹಬ್ಬದ ದಿನ ನಮಾಜು ಮುಗಿದ ಮೇಲೆ ಹೋದೆ. ಚಾಚಿ ಹಸಿರು ಸೀರೆ ಉಟ್ಟು, ಅದೇ ಬಣ್ಣದ ಹೊಸ ಬ್ಲೌಸು ತೊಟ್ಟು ಮಂಚದ ಮೇಲೆ ಕುಳಿತಿದ್ದರು. ತೋಳು ಮೊಣಕೈಯವರೆಗೆ ಜೋಲುತ್ತಿತ್ತು. ಭುಜ ಒಂದು ಕಡೆ ಜಾರಿ ಬೀಳುತ್ತಿತ್ತು.

"ನೋಡವ್ವಾ, ಇದರಾಗ ನನ್ನಂಥಾಕಿ ಇನ್ನೊಬ್ಬಾಕಿ ಹಿಡಿತಾಳ!" ಎಂದು ನನಗೆ ಹೇಳಿ ಚಾಚಾನ ಕಡೆಗೆ ತಿರುಗಿದರು. "ಏನ್ರಿ, ಊರ ಮಂದಿಗೆಲ್ಲಾ ಹೊಲಿಯೋರು ಹೆಣ್ತಿ ಅಳತಿ ಮರತ್ರೇನು?"

ಚಾಚಾ ಏನು ಮಾಡಿದ್ದಾರೆಂಬುದು ನನಗೆ ತಿಳಿದಿತ್ತು. ಕಾಮಣಿಗೆ ಮೊದಲಿನ ಮೂರು ಅಳತೆ, ಈಗಿನದೊಂದು. ನಾಲ್ಕನ್ನೂ ಕೂಡಿಸಿ ಮಡಚಿದ್ದರು. ಇಳಿಯುತ್ತಲೇ ಇರುವುದರ ಸರಾಸರಿ ಯಾವಾಗಲೂ ಮೇಲೆ ಉಳಿಯುತ್ತದೆ. ಹಬ್ಬದ ದಿನವೂ ಅವರಿಂದ ಒಂದು ದೊಡ್ಡ ಪಾಠ ಕೇಳಬೇಕಾಗುತ್ತದೆ ಎಂದುಕೊಂಡೆ.

ಅವರು ಪಾಠ ಹೇಳಲಿಲ್ಲ. ಮಂಚದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಜಾರಿದ ಭುಜವನ್ನು ಎರಡು ಬೆರಳಿನಿಂದ ಎತ್ತಿ ಅದರ ಜಾಗದಲ್ಲಿ ಇಟ್ಟರು.

"ಬ್ಲೌಸ್ ಸರಿ ಐತಿ" ಎಂದರು. "ನೀ ಬರಬೇಕು ಅದಕ್ಕ."

ನಾನು ಹಬ್ಬದ ಶಾವಿಗೆ ಪಾಯಸ ಸುರಕುಂಬಾದ ಬಟ್ಟಲನ್ನು ಚಾಚಿಯ ಮುಂದೆ ಹಿಡಿದೆ, ದಿನವೂ ಹಿಡಿಯುತ್ತಿದ್ದ ಹಾಗೆ. ಅವರು ಅದನ್ನು ಬಹಳ ಹೊತ್ತು ನೋಡಿದರು. ಎಡಗೈಯಿಂದ ಭುಜದ ಬಟ್ಟೆಯನ್ನು ಜಾರದಂತೆ ಹಿಡಿದುಕೊಂಡು ಬಲಗೈಯಿಂದ ತಿನ್ನತೊಡಗಿದರು. ನಿಲ್ಲಿಸುತ್ತಾರೆ, ಈಗ ನಿಲ್ಲಿಸುತ್ತಾರೆ ಎಂದು ನಾನು ಕಾಯುತ್ತಿದ್ದೆ. ಚಮಚ ಬಟ್ಟಲಿನ ತಳ ಕೆರೆಯುವ ಸದ್ದು ಕೇಳಿತು.

"ಇನ್ನೊಂದೀಟ ಹಾಕವ್ವಾ" ಎಂದು ಬಟ್ಟಲು ಚಾಚಿದರು. "ಇಷ್ಟ ಬಟ್ಟಿ ತುಂಬಬೇಕಲ್ಲ!"

ಚಾಚಾ ದಡಕ್ಕನೆ ಎದ್ದರು. "ಬಂದೆ, ಬಂದೆ, ತಡೀರಿ!" ಎಂದು ಗಿರಾಕಿಗೆ ಕೂಗುತ್ತ ಅಂಗಡಿಯ ಕೋಣೆಗೆ ಹೋದರು. ನಾನು ಬಗ್ಗಿ ನೋಡಿದೆ. ಹಬ್ಬದ ದಿನ, ಅಂಗಡಿಯ ಬಾಗಿಲು ಮುಚ್ಚಿಯೇ ಇತ್ತು.