ಇಲಿಗೆ ಕಲಿಸಿದ ಪಾಠ ಅಜ್ಜಿಗೆ

ನಮ್ಮ ಸೋದರಮಾವನ ಮರ್ಯಾದೆಯೆಲ್ಲ ಇಲಿಗಳಿಗೇ ಮೀಸಲು! ನಮ್ಮ ಮುಂದೆ ಗುಡುಗಿದಂತೆ ಸೀನುತ್ತಿದ್ದವರು, ಇಲಿಗಳ ಎದುರು ಸೀನು ಬಂದರೆ ಮೂಗು ಹಿಡಿದುಕೊಂಡು ಹೊರಗೋಡುತ್ತಿದ್ದರಂತೆ. ಪಾಪ, ಅವು ಬೆಚ್ಚಿಬಿದ್ದಾವು!

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ದೊಡ್ಡ ಊರಿನ ಲ್ಯಾಬೊಂದರಲ್ಲಿ ಮಾವ ಇಲಿಗಳಿಗೆ ಬಗೆಬಗೆಯ ವಾಸನೆ ತೋರಿಸಿ, ಆಗ ಅವುಗಳ ಮಿದುಳಿನ ಯಾವ ಮೂಲೆ ಚುರುಕಾಗುತ್ತದೆಂದು ಸ್ಕ್ಯಾನ್ ತೆಗೆಯುತ್ತಿದ್ದರು. ಅರಿವಳಿಕೆ ಕೊಟ್ಟರೆ ಮಿದುಳೂ ಮಂಕಾಗುತ್ತದೆ. ಆದ್ದರಿಂದ ಇಲಿ ಎಚ್ಚರವಾಗಿರಬೇಕು, ಆದರೆ ಅಲುಗಬಾರದು! ಹೀಗೆ ಇರಬಲ್ಲವರನ್ನು ನಾನು ಕಚೇರಿಗಳಲ್ಲಿ ಕಂಡಿದ್ದೇನೆಯೇ ಹೊರತು ಇಲಿಗಳಲ್ಲಿ ಕಂಡಿಲ್ಲ. ಅದಕ್ಕೇ ಮಾವ ದಿನಾ ಇಲಿಯನ್ನು ಪುಟ್ಟ ಕೊಳವೆಯಲ್ಲಿ ಕೂರಿಸಿ, ಸ್ಕ್ಯಾನ್ ಯಂತ್ರದ ಢಕಢಕ ಸದ್ದನ್ನು ಟೇಪಿನಲ್ಲಿ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಕೇಳಿಸಿ ರೂಢಿ ಮಾಡಿಸುತ್ತಿದ್ದರು.

ನಂಜನಗೂಡಿನ ನಮ್ಮ ಮನೆಗೆ ಬಂದರೆ ಹಿಂತಿರುಗುವಾಗ ಅವರ ಬ್ಯಾಗಿನ ತುಂಬ ರಸಬಾಳೆ. ತಿನ್ನಲಿಕ್ಕಲ್ಲ, ಇಲಿ ಮೂಸಲಿಕ್ಕೆ! ಒಮ್ಮೆ ನಮ್ಮ ಬೆಕ್ಕು ಮಲಗುತ್ತಿದ್ದ ಗೋಣಿಚೀಲವನ್ನೂ ಕೇಳಿದರು.

"ಅದ್ಯಾಕಪ್ಪಾ?" ಎಂದಳು ಅಮ್ಮ.

"ಬೆಕ್ಕಿನ ವಾಸನೆಗೆ ಇಲಿ ತಲೆ ಒಳಗೆ ಏನಾಯ್ತದೆ ಅಂತ ನೋಡ್ಬೇಕು ಕಣಕ್ಕ."

"ಇನ್ನೇನಾಯ್ತದೆ? ಪ್ರಾಣ ಓಯ್ತದೆ! ಅಕ್ಕನ ಮನೆಯಿಂದ ಜನ ಉಪ್ಪಿನಕಾಯಿ ತಕೊಂಡೋಯ್ತಾರೆ, ನೀನು ಬೆಕ್ಕಿನ ಆಸಿಗೆ!"

ಬಸ್ಸಿನಲ್ಲಿ ಮಾವನ ಪಕ್ಕದ ಸೀಟು ಕೊನೆಯವರೆಗೂ ಖಾಲಿ ಉಳಿಯಿತಂತೆ.

ಹೀಗಿರುವಾಗ ತಿ. ನರಸೀಪುರದಲ್ಲಿ ಅಜ್ಜಿ, ಅಂದರೆ ಮಾವನ ತಾಯಿ, ಹಿತ್ತಿಲಲ್ಲಿ ಜಾರಿಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಮೈಸೂರಿನ ಡಾಕ್ಟರು ಎಂ.ಆರ್.ಐ. ಸ್ಕ್ಯಾನ್ ಆಗಲೇಬೇಕೆಂದರು. ಯಂತ್ರದೊಳಗೆ ಢಕಢಕ ಶುರುವಾದದ್ದೇ ತಡ, ಅಜ್ಜಿ "ಕೊಂದಾಕ್ತಾರೆ ಕಣ್ರಪ್ಪೋ!" ಎಂದು ಕಾಲು ಝಾಡಿಸಿ ಹೊರಬಂದರು. ಅರಿವಳಿಕೆ ಕೊಡಿಸೋಣವೆಂದರೆ ಅವರ ಹೃದಯ ತಡೆಯುವುದಿಲ್ಲವಂತೆ. ಏನು ಮಾಡುವುದು?

ಸುದ್ದಿ ತಿಳಿದ ಮಾವ ಮರುದಿನವೇ ಟೇಪ್‌ರೆಕಾರ್ಡರ್ ಸಮೇತ ಬಂದಿಳಿದರು. ಮಂಚದ ಕೆಳಗೆ ಚಾಪೆ ಹಾಸಿ, ಸುತ್ತ ಕಂಬಳಿ ಇಳಿಬಿಟ್ಟು, "ಅವ್ವಾ, ಒಳಗೆ ಮನಿಕೊ" ಎಂದರು.

"ಏನ್ಲಾ, ಎತ್ತವ್ವನ್ನೇ ಇಲಿ ಮಾಡ್ಬುಟ್ಯಾ?"

"ಇಲಿ ಇಷ್ಟು ಮಾತಾಡಾಕಿಲ್ಲ ಕಣವ್ವ. ಅಲ್ಲಾಡ್ಬ್ಯಾಡ."

ಟೇಪು ಢಕಢಕ ಎಂದಿತು. ಎದುರುಮನೆಯಾಕೆ "ರಾಗಿ ಮಿಲ್ ಆಕ್ಬುಟ್ರಾ?" ಎಂದು ಓಡಿಬಂದರೆ, ಮಂಚದ ಕೆಳಗಿಂದ ಅಜ್ಜಿಯೇ ಗದರಿದರು: "ಸುಮ್ಕಿರವ್ವಾ, ನನ್ ಮಗ ತಲೆ ಪೋಟೊ ತೆಗ್ಸ್ಕೊಳ್ಳಾದು ಕಲಿಸ್ತಾವ್ನೆ!" ವಾರ ಕಳೆಯುವಷ್ಟರಲ್ಲಿ ಆ ಸದ್ದಿಗೆ ಗೊರಕೆಯನ್ನೂ ಹೊಡೆಯತೊಡಗಿದರು. ಯಾವ ಇಲಿಯೂ ಮುಟ್ಟದ ಮಟ್ಟ!

ಮತ್ತೆ ಮೈಸೂರಿಗೆ ಹೋದೆವು. ಅಜ್ಜಿ ಯಂತ್ರದೊಳಗೆ ಮಿಸುಕದೆ ಮಲಗಿದರು. ಮಾವ ಉದ್ದಕ್ಕೂ ಅವರ ಪಾದ ಹಿಡಿದು ನಿಂತಿದ್ದರು. ಹೆಪ್ಪುಗಟ್ಟಿದ ರಕ್ತ ಸ್ವಲ್ಪವೇ ಇದೆ, ತಾನಾಗಿ ಕರಗುತ್ತದೆ, ಆಪರೇಷನ್ ಬೇಡ ಎಂದರು ಡಾಕ್ಟರು. ನಾನೂ ಅಮ್ಮನೂ ನಿಟ್ಟುಸಿರುಬಿಟ್ಟೆವು.

ತಿರುಗಿ ನೋಡಿದರೆ ಮಾವ ಹೊರಗಿನ ಬೆಂಚಿನ ಮೇಲೆ ಕುಸಿದಿದ್ದರು. ಮುಖದ ತುಂಬ ಬೆವರೋ ಕಣ್ಣೀರೋ ತಿಳಿಯುವಂತಿರಲಿಲ್ಲ. ಅಜ್ಜಿ ನಿಧಾನವಾಗಿ ಹೋಗಿ ಪಕ್ಕದಲ್ಲಿ ಕೂತರು. ಸೆರಗಿನಿಂದ ಮಗನ ಮುಖ ಒರೆಸಿದರು.

"ಇಷ್ಟೊಂದು ಎದ್ರುಕೊಂಡಿದ್ಯಾ ಮಗಾ?"

ಮಾವ ಹೌದೆಂದು ತಲೆಯಾಡಿಸಿದರು. ಆ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, ಮುಖ ಹುದುಗಿಸಿ, ಅವ್ವನ ವಾಸನೆಯನ್ನು ಆಳವಾಗಿ ಒಳಗೆಳೆದುಕೊಂಡರು.