ತೊಗರಿ ಜರಡಿಯಲ್ಲಿ ಜೆಟ್ ವಿಮಾನ

ನಾನು ಕೈ ಹಾಕಿದ ಕೆಲಸ ಕೆಟ್ಟದ್ದೇ ಇಲ್ಲ ಎಂದು ಸುಮಾರು ನಲವತ್ತನೆಯ ವಯಸ್ಸಿನವರೆಗೆ ನಂಬಿಕೊಂಡಿದ್ದೆ. ಆಳಂದದಲ್ಲಿ ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿಯೊಂದರಲ್ಲಿ ತೊಗರಿ ನೋಡಿ ದರ್ಜೆ ಹೇಳುವುದು ನನ್ನ ಉದ್ಯೋಗ. ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ, ಒಂದು ಹಿಡಿ ತೆಗೆದು, ಮೂಸಿ, ನಾಲ್ಕು ಕಾಳು ಕಡಿದು, ಇದು ಜೇವರ್ಗಿ ಕಡೆಯ ಮಾಲು, ಇದು ಅಫಜಲಪುರದ್ದು, ಇದಕ್ಕೆ ಮಳೆ ತಾಗಿದೆ ಎಂದು ತೀರ್ಪು ಕೊಡುತ್ತಿದ್ದೆ. ಯಾರೂ ಎದುರು ಮಾತಾಡುತ್ತಿರಲಿಲ್ಲ. ವರ್ಷಗಟ್ಟಲೆ ಯಾರೂ ಎದುರು ಮಾತಾಡದಿದ್ದರೆ ಮನುಷ್ಯನಿಗೆ ಎಲ್ಲವನ್ನೂ ಬಲ್ಲೆನೆಂಬ ರೋಗ ಹತ್ತುತ್ತದೆ. ನನಗೆ ಚೆನ್ನಾಗಿಯೇ ಹತ್ತಿತ್ತು.

ರೋಗ ಬಲಿತಿದ್ದ ಅಂಥ ಹೊತ್ತಿನಲ್ಲಿ ನಮ್ಮ ನೀಲಕ್ಕನ ಗಂಡ ಚನ್ನಬಸಪ್ಪ ಮಾವ ನನ್ನ ಕೈಗೆ ಒಂದು ಜೆಟ್ ವಿಮಾನ ಕೊಟ್ಟರು.

ಮಾವ ಮೂಲತಃ ಹವಳಗಾದವರು, ಮನೆ ಆಳಂದದಲ್ಲಿ. ಮೀಸೆ ಮೂಡುವ ವಯಸ್ಸಿಗೇ ನೌಕಾದಳ ಸೇರಿ, ಹದಿನೈದು ವರ್ಷ ವಿಮಾನಗಳನ್ನು ಹೊತ್ತು ತಿರುಗುವ ದೊಡ್ಡ ಹಡಗಿನ ಮೇಲೆ ಕೆಲಸ ಮಾಡಿದವರು. ಮೊದಲ ಸಲ ರಜೆಗೆ ಬಂದಾಗ, ಹಡಗಿನ ಮೇಲೆ ವಿಮಾನ ಇಳಿಯುತ್ತದೆ ಎಂದು ಕಟ್ಟೆಯ ಮೇಲೆ ಕುಳಿತು ಹೇಳಿದರಂತೆ. "ಹೌದ್ರೀ, ಮುಂದ ವಿಮಾನದ ಮ್ಯಾಲ ಹಡಗು ಹತ್ತತದೇನು?" ಎಂದು ಒಬ್ಬರು ಕೇಳಿದರು. ಕಟ್ಟೆಯೆಲ್ಲ ನಕ್ಕಿತು. ಅವತ್ತಿನಿಂದ ಮಾವ ತಮ್ಮ ಕೆಲಸದ ಸುದ್ದಿಯನ್ನು ಯಾರ ಮುಂದೆಯೂ ಎತ್ತಲಿಲ್ಲ, ನಮ್ಮ ಅಕ್ಕನ ಮುಂದೆಯೂ. ಅಕ್ಕ ಹದಿನೈದು ವರ್ಷ ಆಳಂದದಲ್ಲಿ ಅತ್ತೆಯೊಬ್ಬರ ಜೊತೆಗೇ ಬಾಳುವೆ ಮಾಡಿದಳು. ಗಂಡ ಅಲ್ಲಿ ಏನು ಮಾಡುತ್ತಾನೆಂಬುದು ಅವಳಿಗೆ ಗೊತ್ತಿರಲಿಲ್ಲ.

ನೌಕರಿ ಮುಗಿಸಿ ಬರುವಾಗ ಮಾವ ಮುಂಬಯಿಯಿಂದ ಒಂದು ಡಬ್ಬಿ ತಂದರು. ಅದರೊಳಗೆ ಸೀ ಹಾಕ್ ಎಂಬ, ಅವರ ಹಡಗಿನ ಮೇಲಿದ್ದ ಹಳೆಯ ಜೆಟ್ ಕಾಳಗದ ವಿಮಾನದ ಪುಟ್ಟ ಮಾದರಿ, ಬಿಡಿಬಿಡಿ ಪ್ಲಾಸ್ಟಿಕ್ ತುಂಡುಗಳಾಗಿ. "ಇದನ್ನ ಕೂಡಿಸಿ ಮುಂದ ಇಟ್ಕೊಂಡು ಎಲ್ಲಾ ಹೇಳ್ತೇನಿ ನೀಲಾ" ಎಂದರು. ಡಬ್ಬಿ ಕಪಾಟಿನ ಮೇಲೆ ಹತ್ತು ವರ್ಷ ಧೂಳು ತಿಂದಿತು. ಆಮೇಲೆ ಮಾವನ ಗಂಟಲಿಗೆ ಹುಣ್ಣಾಯಿತು. ಹುಣ್ಣು ಸಾದಾ ಹುಣ್ಣಲ್ಲ. ಸೊಲ್ಲಾಪುರದ ಡಾಕ್ಟರು, ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಬೇಕು, ಮಂಗಳವಾರ ಬನ್ನಿ, ಅಲ್ಲಿಯವರೆಗೆ ಮಾತು ಕಡಿಮೆ ಮಾಡಿ ಎಂದರು.

ಶುಕ್ರವಾರ ಮುಂಜಾನೆ ಮಾವ ನನ್ನನ್ನು ಕರೆಸಿದರು. ಬೀಸುವ ಕಲ್ಲಿನಂತಾಗಿತ್ತು ಅವರ ದನಿ.

"ಶರಣಾ, ನಿಮ್ಮಕ್ಕಗ ಹೇಳೋದು ಭಾಳ ಉಳದದ. ಬರದು ಕೊಡೋಣಂದ್ರ ಆಕಿಗಿ ಅಕ್ಷರ ಬರಂಗಿಲ್ಲ. ಬಾಯಿ ಇರೂದ್ರೊಳಗ ಹೇಳಬೇಕು. ನನ್ನ ಕೈ ನಡುಗಾಕತ್ತಾವ. ಇದನ್ನ ನೀ ಕೂಡಿಸಿ ಕೊಡು."

"ಎರಡ ದಿನದ ಕೆಲಸರಿ ಮಾವ! ಭರೋಸಾ ಇಡ್ರಿ," ಎಂದೆ.

ಅವರು ಭರೋಸಾ ಇಟ್ಟರು. ಪಾಪ.

ಮನೆಗೆ ಬಂದು ಡಬ್ಬಿ ಬಿಚ್ಚಿದೆ. ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟಿಗೆ ವಿಮಾನದ ಅಂಗಾಂಗಗಳೆಲ್ಲ ಗಿಡಕ್ಕೆ ಕಾಯಿ ಹಿಡಿದ ಹಾಗೆ ಅಂಟಿಕೊಂಡಿದ್ದವು. ಪ್ರತಿ ತುಂಡಿನ ಪಕ್ಕದ ಕಡ್ಡಿಯ ಮೇಲೆ ಒಂದೊಂದು ಸಣ್ಣ ಅಂಕಿ. ಜೊತೆಗೆ ಒಂದು ಕಾಗದ, ಅದರಲ್ಲಿ ಚಿತ್ರ, ಚಿತ್ರದಲ್ಲೂ ಅವೇ ಅಂಕಿ. ಬುದ್ಧಿ ನೆಟ್ಟಗಿರುವ ಯಾರೇ ಆದರೂ ಅಂಕಿ ನೋಡಿ, ಬೇಕಾದಾಗ ಬೇಕಾದ ತುಂಡನ್ನಷ್ಟೇ ಕತ್ತರಿಸಿಕೊಳ್ಳುತ್ತಿದ್ದರು. ಆದರೆ ನಾನು ತೊಗರಿಯ ಮನುಷ್ಯ! ಗಿಡ ಬಡಿಯಬೇಕು, ಕಾಳು ಬೇರೆ ಮಾಡಬೇಕು, ಕಟ್ಟಿಗೆಯನ್ನು ಒಲೆಗೆ ಹಾಕಬೇಕು. ನಾನು ಬಲ್ಲ ರಾಶಿ ಇದೊಂದೇ. ಅರ್ಧ ತಾಸಿನಲ್ಲಿ ತುಂಡುಗಳನ್ನೆಲ್ಲ ಮುರಿದು ಗುಡ್ಡೆ ಮಾಡಿದೆ. ಅಂಕಿ ಬರೆದಿದ್ದ ಚೌಕಟ್ಟುಗಳನ್ನು ಮುರಿದು ನೀರೊಲೆಗೆ ತುಂಬಿದೆ.

ನನ್ನ ಹೆಂಡತಿ ಮಹಾದೇವಿ ಮೂಗಿಗೆ ಸೆರಗು ಹಿಡಿದು ಓಡಿ ಬಂದಳು.

"ಏನ್ರೀ, ಒಲಿಯೊಳಗ ಏನ್ ಹಾಕೀರಿ? ಟೈರ್ ಸುಟ್ಟಂಗ ನಾತ ಬರಾಕತ್ತದ!"

"ವಿಮಾನದ ಕಟ್ಟಿಗಿ."

"ವಿಮಾನಕ್ಕ ಕಟ್ಟಿಗಿ ಇರ್ತದ?"

"ನಿನಗ ತಿಳಿಯಂಗಿಲ್ಲ, ಒಳಗ ನಡಿ," ಎಂದೆ. ನನಗೂ ತಿಳಿದಿರಲಿಲ್ಲ ಎಂಬುದು ಬೇರೆ ಮಾತು.

ಮುಂದೆ ದರ್ಜೆ ವಿಂಗಡಣೆಯ ಕಾರ್ಯಕ್ರಮ. ಅಂಗಡಿಯಿಂದ ನನ್ನ ಮೂರು ಜರಡಿಗಳನ್ನು ತಂದು ಒಂದರ ಕೆಳಗೊಂದು ಹಿಡಿದು ಜಾಡಿಸಿದೆ. ಮೇಲಿನ ಜರಡಿಯಲ್ಲಿ ರೆಕ್ಕೆ, ಹೊಟ್ಟೆ, ಬಾಲ ನಿಂತವು: ಒಂದನೇ ದರ್ಜೆ. ನಡುವಿನದರಲ್ಲಿ ಗಾಲಿ, ಕುರ್ಚಿ: ಎರಡನೇ ದರ್ಜೆ. ಮೂರನೆಯದರಲ್ಲಿ ಏನೂ ನಿಲ್ಲದೆ ಕೆಳಗಿನ ಪೇಪರಿನ ಮೇಲೆ ಒಂದಿಷ್ಟು ಕಡ್ಡಿಯಂಥ ಚೂರು ಬಿದ್ದವು. ಇಪ್ಪತ್ತು ವರ್ಷದ ಅನುಭವದ ಬಲದಿಂದ, ಒಂದೇ ನೋಟಕ್ಕೆ, ಅದು ಕಸವೆಂದು ತೀರ್ಮಾನಿಸಿದೆ. ಹೊಟ್ಟಿನ ಬುಟ್ಟಿಗೆ ಸುರಿದೆ. ಪಕ್ಕದ ಮನೆಯ ಕಾಶೀಬಾಯಿ ದಿನದಂತೆ ಬಂದು ಆ ಬುಟ್ಟಿಯನ್ನು ತನ್ನ ಎಮ್ಮೆಗೆಂದು ಒಯ್ದಳು.

ಶನಿವಾರ ತುಂಡುಗಳನ್ನು ಮೊರದಲ್ಲಿ ಹರವಿಕೊಂಡು ಮಾವನ ಹಾಸಿಗೆಯ ಪಕ್ಕ ಕುಳಿತೆ. ಅಂಕಿಗಳು ಒಲೆ ಸೇರಿದ್ದರಿಂದ ಕಾಗದದ ಚಿತ್ರ ನನ್ನ ಪಾಲಿಗೆ ಗೋಡೆಗೆ ಹಚ್ಚುವ ಕ್ಯಾಲೆಂಡರಾಗಿತ್ತು. ಒಂದೊಂದನ್ನೂ ಕೇಳಿಯೇ ಕೂಡಿಸಬೇಕು.

"ಮಾವ, ಇದು ಯಾವುದ್ರಿ?"

"ಬಾಲದ ರೆಕ್ಕಿ."

"ಇದು?"

"ಅದೂ ಬಾಲದ್ದೇ."

"ಹಂಗಾದ್ರ ಇದು ಮೂಗೇನ್ರಿ?"

"ಅಲ್ಲೋ! ಅದು ತಲಿಕೆಳಗ ಹಿಡದೀದಿ!"

ಅಡುಗೆ ಮನೆಯಿಂದ ಅಕ್ಕ ಹೊರಗೆ ಬಂದಳು. "ಡಾಕ್ಟರ್ ಮಾತಾಡಬ್ಯಾಡಂದಾರ. ನೀ ಮುಂಜಾನಿಂದ ಮಾತಾಡಿಸಿಕೋತ ಕುಂತೀದಿ. ಮಾತು ಉಳಿಸೋ ತಮ್ಮಾ!"

ಉಳಿಸಲು ನಾನು ಸ್ವಂತ ಬುದ್ಧಿ ಉಪಯೋಗಿಸತೊಡಗಿದೆ. ಅಲ್ಲಿಂದ ಅನಾಹುತಕ್ಕೆ ವೇಗ ಬಂತು.

ಡಬ್ಬಿಯಲ್ಲಿದ್ದ ಅಂಟು ಹತ್ತು ವರ್ಷಕ್ಕೆ ಕಲ್ಲಾಗಿತ್ತು. ಬೋರ್‌ವೆಲ್ ಸಾಮಾನಿನ ಅಂಗಡಿಗೆ ಹೋಗಿ, ಪೈಪು ಕೂಡಿಸುವ ಅಂಟು ತಂದೆ. ಭೂಮಿಯೊಳಗಿನ ಪೈಪನ್ನೇ ಹಿಡಿದಿಡುವ ಅಂಟಿಗೆ ಅಂಗೈಯಗಲದ ವಿಮಾನ ಯಾವ ಲೆಕ್ಕ? ಎರಡೂ ರೆಕ್ಕೆಗೆ ಧಾರಾಳವಾಗಿ ಬಳಿದೆ. ಪ್ಲಾಸ್ಟಿಕ್ ಕರಗಿತು! ಎಡಗಡೆಯ ರೆಕ್ಕೆ ನನ್ನ ಕಣ್ಣೆದುರೇ ಮೆತ್ತಗಾಗಿ, ಕೆಳಗೆ ಜೋತು, ಹಾಗೇ ಗಟ್ಟಿಯಾಯಿತು.

ಹಡಗಿನ ವಿಮಾನಗಳು ಜಾಗ ಸಾಲದೆಂದು ರೆಕ್ಕೆ ಮಡಚಿಕೊಂಡು ನಿಲ್ಲುತ್ತವೆ ಎಂದು ಮಾವ ಮುಂಜಾನೆ ಹೇಳಿದ್ದು ನೆನಪಾಯಿತು.

"ಮಾವ, ಇದು ರೆಕ್ಕಿ ಮಡಚಿಕೊಂಡದ ನೋಡ್ರಿ. ಬರೋಬ್ಬರಿ ಆತಲ್ಲ?"

"ಮ್ಯಾಲ ಮಡಚ್ತಾವಲೇ! ಕೆಳಗಲ್ಲ!" ಎಂದು ಮಾವ ಕೂಗಿ, ಕೆಮ್ಮು ಬಂದು, ಗೋಡೆಗೆ ಒರಗಿದರು. ಅಕ್ಕ ನೀರು ಕೊಟ್ಟು ನನ್ನ ಕಡೆ ನೋಡಿದಳು. ಆ ನೋಟಕ್ಕಿಂತ ಎರಡು ಏಟು ಹಾಕಿದ್ದರೆ ಸುಖವಾಗಿರುತ್ತಿತ್ತು.

ಭಾನುವಾರ ಬೆಳಿಗ್ಗೆ ಹೊಟ್ಟೆಯ ಎರಡು ಹೋಳು ಕೂಡಿಸಿ ನೋಡುತ್ತೇನೆ, ಬಾಲದ ತುದಿ ಮುಚ್ಚಿದೆ! ಜೆಟ್ ಅಂದ ಮೇಲೆ ಹಿಂದಿನಿಂದ ಹೊಗೆ ಹೋಗಬೇಕು. ತಯಾರು ಮಾಡಿದವರು ತೂತು ಮರೆತಿದ್ದಾರೆ! ಪರದೇಶದವರ ತಪ್ಪನ್ನು ಆಳಂದದಲ್ಲಿ ತಿದ್ದುವ ಹೊಣೆ ನನ್ನ ಮೇಲೆ ಬಿತ್ತು. ಚೀಲ ಹೊಲಿಯುವ ದಬ್ಬಣವನ್ನು ಒಲೆಯಲ್ಲಿ ಕಾಯಿಸಿ, ಬಾಲಕ್ಕೆ ಚುಚ್ಚಿ, ಸುತ್ತ ತಿರುವಿ, ಹೊಗೆ ಸರಾಗವಾಗಿ ಹೋಗುವಷ್ಟು ದೊಡ್ಡ ದ್ವಾರ ಮಾಡಿದೆ. ಮಾವ ಅದನ್ನು ಕೈಗೆ ತೆಗೆದುಕೊಂಡು ದ್ವಾರದೊಳಗೆ ಬೆರಳು ತೂರಿಸಿ ನೋಡಿದರು. ಆಮೇಲೆ, ಈ ವಿಮಾನಕ್ಕೆ ಹೊಗೆ ಹೋಗುವುದು ಬಾಲದಿಂದಲ್ಲ, ರೆಕ್ಕೆಯ ಬುಡದಲ್ಲಿ ಆಚೆಗೊಂದು ಈಚೆಗೊಂದು ಕೊಳವೆಯಿಂದ ಎಂದು ತಿಳಿಸಿ ಹೇಳಿದರು. ಹೇಳಲು ಹತ್ತು ನಿಮಿಷ ಹಿಡಿಯಿತು. ನಡುವೆ ಮೂರು ಸಲ ನಿಂತು ಉಸಿರು ತೆಗೆದುಕೊಂಡರು. ಅಕ್ಕನಿಗೆಂದು ಇಟ್ಟುಕೊಂಡ ಮಾತನ್ನು ನಾನು ಹೀಗೆ ತೂತಿಗೆ ಸುರಿಸಿಕೊಳ್ಳುತ್ತಿದ್ದೆ.

ಗಾಲಿ ಹಚ್ಚಿ ನಿಲ್ಲಿಸಿದರೆ ವಿಮಾನ ಬಾಲದ ಮೇಲೆ ಕುಳಿತುಕೊಂಡಿತು. ಮೂಗಿನೊಳಗೆ ಭಾರ ಇಡಬೇಕಿತ್ತಂತೆ, ಕಾಗದದಲ್ಲಿ ಬರೆದಿತ್ತು. ಹೊಟ್ಟೆ ಆಗಲೇ ಮುಚ್ಚಿದ್ದೆ. ಆದರೂ ಧೃತಿಗೆಡಲಿಲ್ಲ. ನಾನೇ ಮಾಡಿದ ದ್ವಾರದಿಂದ ಸಣ್ಣ ತೊಗರಿ ನುಚ್ಚು ತುಂಬಿ, ಮೂಗಿನ ಕಡೆ ಇಳಿಸಿ ನಿಲ್ಲಿಸಿದೆ. ನಿಂತಿತು! ಒಂದು ರೆಕ್ಕೆ ಜೋತು, ಬಾಲ ತೆರೆದು, ಹೊಟ್ಟೆಯಲ್ಲಿ ತೊಗರಿ ಹೊತ್ತು, ನೌಕಾದಳದ ಜೆಟ್ ಕಾಳಗದ ವಿಮಾನ ಸಿದ್ಧವಾಯಿತು.

ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಕೈ ಒರೆಸಿಕೊಂಡು ಮಾವನ ಎದುರು ಕುಳಿತಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಗಂಡನೆದುರು ಹಾಗೆ ಕೆಲಸ ಬಿಟ್ಟು ಕುಳಿತದ್ದನ್ನು ನಾನು ನೋಡಿರಲಿಲ್ಲ. ಮಾವ ನೆಲದ ಫರಸಿಯ ಮೇಲೆ ಒಂದು ದಾರ ಅಡ್ಡ ಎಳೆದರು.

"ನೋಡು ನೀಲಾ. ಇದು ಹಡಗು. ಇದು ಕಬ್ಬಿಣದ ಹಗ್ಗ. ನಾ ಈ ಬಾಜೂಕ ನಿಂತಿರ್ತಿದ್ದೆ. ವಿಮಾನ ಹಿಂಗ ಬರ್ತದ, ಮೂಗು ಜರಾ ಮ್ಯಾಲ..."

ಮೂಗು ಮೇಲೆತ್ತಿದರು. ನುಚ್ಚೆಲ್ಲ ಬಾಲಕ್ಕೆ ಓಡಿ, ನನ್ನ ದ್ವಾರದಿಂದ ಸುರ್ರನೆ ಅಕ್ಕನ ಮಡಿಲಿಗೆ ಸುರಿಯಿತು.

ಅಕ್ಕ ಮಡಿಲು ನೋಡಿದಳು. ಭಕ್ತಿಯಿಂದ ಕೇಳಿದಳು: "ಇದರಾಗ ತೊಗರಿ ಒಯ್ತಿದ್ರೇನ್ರಿ?"

ಮಾವ ನಕ್ಕರು. ಗಂಟಲು ಹಿಡಿದುಕೊಂಡು, ನೋಯುತ್ತಿದ್ದರೂ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅಕ್ಕನೂ ನಕ್ಕಳು. ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಮಾವ ವಿಮಾನವನ್ನು ತಿರುವಿ ಹೊಟ್ಟೆ ನೋಡಿದರು.

"ಇದರ ಹುಕ್ಕ ಎಲ್ಲಿ?"

"ಯಾವ ಹುಕ್ಕರಿ?"

"ಬಾಲದ ಕೆಳಗ ಇರ್ತದಲ್ಲೋ, ಸಣ್ಣ ಕೊಕ್ಕಿ. ಅದು ಹಗ್ಗಕ್ಕ ಸಿಗಬೇಕು, ಆವಾಗ ವಿಮಾನ ನಿಂದರ್ತದ. ಸಿಕ್ಕ ಕೊಕ್ಕಿ ಬಿಡಸೂದೇ ನನ್ನ ಕೆಲಸ. ಹದಿನೈದು ವರ್ಷ ಅದೇ ಮಾಡೀನಿ."

ಮೂರನೆಯ ಜರಡಿ ನನ್ನ ಕಣ್ಣ ಮುಂದೆ ಬಂತು. ಒಬ್ಬ ಮನುಷ್ಯನ ಹದಿನೈದು ವರ್ಷದ ಕೆಲಸವನ್ನು ನಾನು ಕಸವೆಂದು ತೆಗೆದು ಎಮ್ಮೆಗೆ ಹಾಕಿದ್ದೆ.

"ಈಗ ತರ್ತೇನಿ!" ಎಂದು ಎದ್ದೆ. ಹಿಂದಿನ ದಿನವಷ್ಟೇ ಕಾಶೀಬಾಯಿಗೂ ನನ್ನ ಹೆಂಡತಿಗೂ ಜಗಳವಾಗಿ ಮಾತು ಬಿಟ್ಟಿತ್ತು. ಅಕ್ಕ ಬಂದರೆ ಮಾತ್ರ ಆಕೆ ಹಿತ್ತಲ ಬಾಗಿಲು ತೆಗೆಯುವಂತಿತ್ತು. ಅಕ್ಕನ ಕೈ ಹಿಡಿದು ಎಬ್ಬಿಸಿದೆ. ಮಾವ ಕೈ ಎತ್ತಿ ಏನೋ ಅಂದರು. ನಾನು ಕೇಳಿಸಿಕೊಳ್ಳಲಿಲ್ಲ. ಆಗ ನನಗೆ ಹುಕ್ಕಿನ ಹುಚ್ಚು.

ಎಮ್ಮೆ ಮೇಯುವ ಗೋದಲಿ ಜಾಲಾಡಿದೆವು. ಹೊಟ್ಟು ಜರಡಿ ಹಿಡಿದೆವು. ಸಿಗಲಿಲ್ಲ. ಉಳಿದದ್ದು ಸಗಣಿ. ಮೊನ್ನೆಯಿಂದ ಬಿದ್ದ ಸಗಣಿಯನ್ನೆಲ್ಲ ಮೂವರೂ ಕೂಡಿ ಕಿವುಚಿದೆವು.

"ನಮ್ಮ ಎಮ್ಮಿಗಿ ಏನಾರ ಆದ್ರ ಸುಮ್ಮನ ಬಿಡಂಗಿಲ್ಲ ನೋಡ್ರಿ!" ಎಂದು ಕಾಶೀಬಾಯಿ ಒದರುತ್ತಿದ್ದಳು. ನಾನೂ ಒದರುತ್ತಿದ್ದೆ. ಎಮ್ಮೆ ಮಾತ್ರ ಶಾಂತವಾಗಿ ಮೆಲುಕು ಹಾಕುತ್ತಿತ್ತು. ಹೀಗೆ ಎರಡು ತಾಸು ಕಳೆಯಿತು. ಹುಕ್ಕು ಸಿಗಲೇ ಇಲ್ಲ.

ಸಗಣಿ ಕೈಯಲ್ಲಿ ಮರಳಿ ಬಂದರೆ, ಎದುರು ಮನೆಯ ದರ್ಜಿ ಮಾವನ ಮನೆ ಬಾಗಿಲಲ್ಲಿ ನಿಂತಿದ್ದ. "ಎಲ್ಲಿ ಹೋಗಿದ್ರಿ? ಒಂದು ತಾಸು ಒಂದೇಸವನ ಕರದ್ರು. ಹುಕ್ಕ ಹೋಗ್ಲಿ, ನೀಲಾ ನೀ ಬಾ, ಅಂತ."

ಮಾವ ಹಾಸಿಗೆಯ ಮೇಲೆ ಎದ್ದು ಕುಳಿತಿದ್ದರು. ಅಕ್ಕನನ್ನು ಕಂಡು ಬಾಯಿ ತೆರೆದರು. ಬರೀ ಗಾಳಿ ಬಂತು. ಅಕ್ಕ ಎದುರು ಕುಳಿತು, "ಹೇಳ್ರಿ, ನಾ ಬಂದೀನಿ," ಎಂದಳು. ಅವರು ಮತ್ತೆ ಬಾಯಿ ತೆರೆದರು. ಮತ್ತೆ ಗಾಳಿ. ಸೋಮವಾರವೂ ದನಿ ತಿರುಗಿ ಬರಲಿಲ್ಲ. ಮಂಗಳವಾರ ಸೊಲ್ಲಾಪುರದಲ್ಲಿ ಉಳಿದದ್ದನ್ನೂ ತೆಗೆದರು. ಆ ವಾರ ನಾನು ಅನ್ನ ಸರಿಯಾಗಿ ಉಣ್ಣಲಿಲ್ಲ. ನನ್ನ ಮೇಲೆ ನನಗೇ ಅಷ್ಟು ಹೇಸಿಕೆಯಾಗಿತ್ತು.

ಮಾವ ಬದುಕಿದರು. ಗಂಟಲಲ್ಲಿ ತೂತು, ಅದರ ಮೇಲೊಂದು ಬಿಳಿ ಅರಿವೆ. ಮನೆಗೆ ಬಂದು ಸ್ವಲ್ಪ ಚೇತರಿಸಿಕೊಂಡ ಮೇಲೆ ಒಂದು ಪಾಟಿ, ಬಳಪ ತರಿಸಿಕೊಂಡರು. ಅವರು ಬರೆಯಬೇಕು. ಅಕ್ಕನಿಗೆ ಓದಲು ಬಾರದು. ಮನೆಯಲ್ಲಿ ಓದಬಲ್ಲ ಮೂರನೆಯವರಿಲ್ಲ. ಕರೆ ನನಗೆ ಬಂತು!

ಅಕ್ಕ ಎದುರು ಕುಳಿತಿದ್ದಳು. ಮಾವ ಬರೆದು ಪಾಟಿಯನ್ನು ನನ್ನ ಕೈಗೆ ಕೊಟ್ಟರು. ಓದಿಕೊಂಡೆ.

"ಏನ್ ಬರದಾರೋ?"

"ಮೈ ಆರಾಮ ಅದ ಅಂತ ಬರದಾರ."

ಮಾವ ಬಳಪದಿಂದ ನೆಲ ಕುಟ್ಟಿ, ಇಲ್ಲ ಎಂದು ತಲೆ ಆಡಿಸಿದರು.

"ಬರೋಬ್ಬರಿ ಓದೋ!" ಎಂದಳು ಅಕ್ಕ.

ಓದಿದೆ. ಒಂದಕ್ಷರ ಬಿಡದೆ, ಗಟ್ಟಿಯಾಗಿ, ನನ್ನ ಬಾಯಿಂದ ನಾನೇ ಓದಿದೆ: "ನೀಲಾ, ಮೊದಲು ಈ ಕತ್ತೆಯನ್ನು ನಮ್ಮ ನಡುವಿನಿಂದ ಎಬ್ಬಿಸಿ ಕಳಿಸು. ಆಮೇಲೆ ಎಲ್ಲಾ ಹೇಳುತ್ತೇನೆ."

ಅಕ್ಕ ನನ್ನನ್ನು ನೋಡಿದಳು. ಗಂಡನನ್ನು ನೋಡಿದಳು. "ಇಂವ ಎದ್ದು ಹೋದ್ರ ಓದೋರು ಯಾರ್ರಿ?" ಎಂದಳು.

ಮಾವ ಅಂಗಿಯ ತೋಳಿನಿಂದ ಪಾಟಿ ಒರೆಸಿ, ಮತ್ತೆ ಬರೆಯತೊಡಗಿದರು. ಕತ್ತೆ ಅಲ್ಲೇ ಕುಳಿತು ಮುಂದಿನ ಸಾಲು ಓದಿತು.