ಹಿಡಿದರೆ ಬಿಡದ ಬ್ರೇಕು

ಕಾರು ನಿಂತ ಕೂಡಲೇ ನಮ್ಮಪ್ಪ ಇಳಿದು ನಾಲ್ಕೂ ಚಕ್ರಗಳನ್ನು ಮುಂಗೈಯಿಂದ ಮುಟ್ಟಿ ನೋಡುತ್ತಾರೆ, ಮಕ್ಕಳ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಮದುವೆಗೆ ಹೋದಾಗಲೂ ಅಷ್ಟೇ, ಮಣ್ಣಿಗೆ ಹೋದಾಗಲೂ ಅಷ್ಟೇ. ಮನೆಯವರು ಬಾಗಿಲಲ್ಲಿ ‘ಬರ್ರಿ ಮಾಸ್ತರ’ ಎಂದು ಕಾದಿರುತ್ತಾರೆ. ಇವರು ಬಗ್ಗಿಕೊಂಡು, ‘ಎಡಕ್ಕಿಂದು ಸುಡಾಕತ್ತೈತಿ, ಬಲಕ್ಕಿಂದು ಅಡ್ಡಿಯಿಲ್ಲ’ ಎಂದು ವರದಿ ಒಪ್ಪಿಸಿದ ಮೇಲೆಯೇ ಚಪ್ಪಲಿ ಬಿಡುವುದು.

ಕಾರಿಗೆ ವಯಸ್ಸಾಗಿದೆ. ಬಿಳಿ ಬಣ್ಣದ್ದು, ಈಗ ಚಹಾದ ಬಣ್ಣಕ್ಕೆ ಬಂದಿದೆ. ಬ್ರೇಕು ಒತ್ತಿದರೆ ಹಿಡಿಯುತ್ತದೆ, ಕಾಲು ತೆಗೆದರೆ ಬಿಡುವುದಿಲ್ಲ. ಚಕ್ರ ಕಾಯ್ದು, ಸುಟ್ಟ ವಾಸನೆ ಬಂದು, ಕಾರು ದಾರಿಯಲ್ಲೇ ಕೂತುಬಿಡುತ್ತದೆ. ರಿಪೇರಿ ಮಾಡಿಸಿದರೆ ಸ್ವಲ್ಪ ದಿನ ಸರಿ, ಮತ್ತೆ ಅದೇ. ಇಂಥವು ಆಗುತ್ತಲೇ ಇರುವುದರಿಂದ ನಮ್ಮ ಮನೆಯಲ್ಲಿ ಯಾರೂ ಗಾಬರಿಯಾಗುವುದಿಲ್ಲ. ನೀರಿನ ಬಾಟಲಿ, ಶೇಂಗಾ ಉಂಡಿ ಇಟ್ಟುಕೊಂಡೇ ಹೊರಡುತ್ತೇವೆ.

ಗಾಬರಿ ಇದ್ದದ್ದು ನನಗೊಬ್ಬಳಿಗೆ. ಬ್ಯಾಡಗಿಯಿಂದ ದಿನಾ ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಹೋಗಿ, ಒಂದು ಬೀಜದ ಕಂಪನಿಯ ಹಿಂದಿನ ಕೋಣೆಯಲ್ಲಿ ಕೂತು, ಮೊಳಕೆ ಬಂದ ಬೀಜ ಎಷ್ಟು, ಬಾರದ್ದು ಎಷ್ಟು ಎಂದು ಎಣಿಸುವವಳು ನಾನು. ‘ಬರುವ ಹಂಗಾಮಿಗೆ ನಿಮಗೆ ಹೊಲಗಳಿಗೆ ಹೋಗಿ ಬೆಳೆ ನೋಡುವ ಕೆಲಸ ಕೊಡ್ತೇವ್ರಿ, ಆದ್ರ ನೀವ ಗಾಡಿ ಹೊಡಕೊಂಡು ಬರಬೇಕು’ ಎಂದಿದ್ದರು ಮ್ಯಾನೇಜರು. ಲೈಸೆನ್ಸು ನನ್ನ ಪರ್ಸಿನಲ್ಲಿತ್ತು, ಕೀಲಿ ಅಪ್ಪನ ಜೇಬಿನಲ್ಲಿತ್ತು. ‘ಬ್ರೇಕ್ ಒಂದ್ ಸರಿ ಆಗ್ಲಿ, ಮರುದಿನಾನ ಕೀಲಿ ನಿನ್ನ ಕೈಯಾಗ’ ಎಂದು ಅಪ್ಪ ಮಾತು ಕೊಟ್ಟಿದ್ದರು. ಹೀಗಾಗಿ ನಾನು ಆ ಕೋಣೆಯಿಂದ ಹೊರಗೆ ಬರುವುದು ಬ್ರೇಕಿನ ಮರ್ಜಿಯ ಮೇಲಿತ್ತು.

ಯಾರ ಕೈ ಹಚ್ಚ್ಯಾರ?

ಮಿಸ್ತ್ರಿಗಳ ಮೊದಲ ಪ್ರಶ್ನೆ ಯಾವತ್ತೂ ರೋಗದ ಬಗ್ಗೆ ಅಲ್ಲ, ಹಿಂದಿನ ವೈದ್ಯನ ಬಗ್ಗೆ. ಹಾವೇರಿಯ ಗ್ಯಾರೇಜಿನವರು ಚಕ್ರ ಬಿಚ್ಚಿ, ಒಳಗೆ ಇಣುಕಿ, ಹಲ್ಲುನೋವು ಬಂದವರಂತೆ ಮುಖ ಮಾಡಿದರು.

‘ಯಾರ ಕೈ ಹಚ್ಚ್ಯಾರ್ರಿ ಇದಕ್ಕ?’

ಅಪ್ಪ ಗೋಡೆಯ ಮೇಲಿನ ಕ್ಯಾಲೆಂಡರ್ ಓದತೊಡಗಿದರು.

‘ಸ್ಪ್ರಿಂಗ್ ಉಲ್ಟಾ ಹಾಕ್ಯಾನ ನೋಡ್ರಿ. ಹಿಂಗ ಹಾಕಿದ್ರ ಬ್ರೇಕ್ ಹೆಂಗ ಬಿಡಬೇಕು? ಕೆಲಸ ಕಲೀದ ಅಂಗಡಿ ತಗೀತಾರ. ಅವನ ಹೆಸರು ಹೇಳ್ರಿ ಮಾಸ್ತರ, ನಾ ಮಾತಾಡ್ತೇನಿ.’

‘ಹೋಗ್ಲಿ ಬಿಡ್ರಿ, ಹೆಸರ್ಯಾಕ.’

‘ಇಲ್ರೀ, ಇಂಥವ್ರನ್ನ ಬಿಡಬಾರ್ದು. ಹೇಳ್ರಿ.’

ಅಪ್ಪ ಬಹಳ ಸಂಕೋಚದಿಂದ, ‘ದೀಪಾವಳಿ ಮುಂದ ನೀವ ಹಾಕಿದ್ರಿ’ ಎಂದರು.

ಮಿಸ್ತ್ರಿ ಸ್ಪ್ರಿಂಗನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದರು. ದನಿ ಮೃದುವಾಯಿತು. ‘ಹಾಕಿದ್ದೇನೋ ಬರೊಬ್ಬರಿ ಐತ್ರಿ. ಗಾಡಿ ಓಡಿ ಓಡಿ ಅದ ತಿರುಗಿ ಕುಂತೈತಿ.’

ಸೀನು

ಮೆಣಸಿನಕಾಯಿ ಹಂಗಾಮಿನಲ್ಲಿ ಬ್ಯಾಡಗಿ ಪೇಟೆಯ ರಸ್ತೆಯಲ್ಲಿ ಉಸಿರಾಡುವುದೇ ಒಂದು ಉದ್ಯೋಗ. ನಮ್ಮ ಕಾರು ಸರಿಯಾಗಿ ಅಲ್ಲೇ ಕೂತಿತು, ಚೀಲ ಹೇರಿದ ಎರಡು ಲಾರಿಗಳ ನಡುವೆ. ಹಿಂದಿನಿಂದ ಹಾರ್ನು. ಹಮಾಲರು ಓಡಿ ಬಂದರು. ಲಾರಿಯ ಮೇಲಕ್ಕೆ ಚೀಲ ಎಸೆಯುವ ತೋಳುಗಳವು, ಆದರೆ ಕಾರು ಕದಲಲಿಲ್ಲ. ನಾನು ಮುಖಕ್ಕೆ ಓಢಣಿ ಸುತ್ತಿಕೊಂಡು, ಬೇರೆ ಯಾರದೋ ಕಾರಿನಲ್ಲಿ ಸುಮ್ಮನೆ ಕೂತವಳಂತೆ ಕೂತೆ.

‘ಎಲ್ಲಾರೂ ಕೂಡಿ ಇನ್ನೊಮ್ಮೆ’ ಎನ್ನುವಷ್ಟರಲ್ಲಿ ಯಾರೋ ಸೀನಿದರು. ಅಂಗಡಿಯ ಕಟ್ಟೆಯ ಮೇಲಿದ್ದ ಹಿರಿಯ ವ್ಯಾಪಾರಿಯೊಬ್ಬರು ಕೈ ಎತ್ತಿ, ‘ನಿಲ್ರಿ! ಸೀನಾತು. ಈಗ ಕೈ ಹಚ್ಚಬ್ಯಾಡ್ರಿ’ ಎಂದರು.

ಎಲ್ಲರೂ ನಿಂತರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೈ ಹಚ್ಚಬೇಕು, ಇನ್ನೊಬ್ಬರು ಸೀನಿದರು. ಮತ್ತೆ ನಿಂತರು. ಬ್ಯಾಡಗಿಯಲ್ಲಿ ಸೀನು ನಿಲ್ಲುವ ತನಕ ಕಾಯುವುದೆಂದರೆ ಮಳೆಗಾಲದ ತನಕ ಕಾಯುವುದು. ಅದು ಆ ಹಿರಿಯರಿಗೆ ನಮಗಿಂತ ಚೆನ್ನಾಗಿ ಗೊತ್ತು, ಆದರೂ ಶಾಸ್ತ್ರ ಶಾಸ್ತ್ರವೇ. ಯಾರೋ ಚಹಾ ತರಿಸಿದರು. ಚಹಾ ಮುಗಿಯುವ ಹೊತ್ತಿಗೆ ಬ್ರೇಕು ಆರಿ, ಒಳಗೆ ‘ಟಕ್’ ಎಂದು, ಕಾರು ತಾನಾಗಿಯೇ ಒಂದು ಗೇಣು ಮುಂದೆ ಉರುಳಿತು.

‘ನೋಡಿದ್ರೇನು!’ ಎಂದರು ಹಿರಿಯರು. ‘ಸೀನು ಅಂದ್ರ ಚ್ಯಾಷ್ಟಿ ಅಂದ್ಕೊಂಡೀರಿ. ಮಾಸ್ತರ, ನೀವು ಸೈನ್ಸ್ ಕಲಿಸಿದವ್ರು, ನೀವ ಹೇಳ್ರಿ.’

ಕಾಯ್ದ ಲೋಹ ಹಿಗ್ಗುತ್ತದೆ, ಆರಿದರೆ ಕುಗ್ಗುತ್ತದೆ ಎಂದು ವಿವರಿಸಲು ಅಪ್ಪ ಬಾಯಿ ತೆರೆದರು. ಬಂದದ್ದು ಸೀನು. ಎಲ್ಲರೂ ಮತ್ತೆ ನಿಂತೆವು.

ಕಾಲಿನ ದೋಷ

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದಕ್ಕೆ ನಮ್ಮ ಮನೆಯಲ್ಲಿ ನನಗಿರುವ ಜವಾಬ್ದಾರಿ ಎಂದರೆ ಔಷಧಿ ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದಿ ಹೇಳುವುದು. ಬ್ರೇಕಿಗೂ ನನ್ನನ್ನೇ ಕೂರಿಸಿದರು. ಫೋನಿನಲ್ಲಿ ಓದಿ ಓದಿ ನನಗೆ ಒಂದು ತಿಳಿಯಿತು: ಒಂದು ಚಕ್ರ ಹಿಡಿದರೆ ದೋಷ ಆ ಚಕ್ರದ್ದು, ನಾಲ್ಕೂ ಹಿಡಿದರೆ ದೋಷ ನಾಲ್ಕಕ್ಕೂ ಬ್ರೇಕ್ ಆಯಿಲ್ ತಳ್ಳುವ ಮೇಲಿನ ದೊಡ್ಡ ಸಿಲಿಂಡರಿನದು. ಆ ಹೊತ್ತಿಗೆ ನಮ್ಮ ಕಾರಿನ ನಾಲ್ಕೂ ಚಕ್ರಗಳು ಸುಡತೊಡಗಿದ್ದವು.

ತಿಳಿಯುವುದು ಬೇರೆ, ರಾಣೆಬೆನ್ನೂರಿನ ಗ್ಯಾರೇಜಿನಲ್ಲಿ ಅಷ್ಟು ಗಂಡಸರ ಎದುರು ಬಾಯಿ ಬಿಡುವುದು ಬೇರೆ. ಅಪ್ಪನ ಕಿವಿಯಲ್ಲಿ ಪಿಸುಗುಟ್ಟಿದೆ. ಅಪ್ಪ ಗಂಟಲು ಸರಿಮಾಡಿಕೊಂಡು, ಬೋರ್ಡಿನ ಮುಂದೆ ನಿಂತವರಂತೆ ಅದನ್ನೇ ಜೋರಾಗಿ ಹೇಳಿದರು.

‘ಭಾಳ ತಿಳ್ಕೊಂಡೀರಿ ಬಿಡ್ರಿ ಮಾಸ್ತರ!’ ಎಂದ ಮಿಸ್ತ್ರಿ ಅಪ್ಪನಿಗೆ ಕುರ್ಚಿ ತರಿಸಿದ. ನಾನು ಮತ್ತೊಂದು ಪಿಸುಗುಟ್ಟಿದೆ. ಅದಕ್ಕೆ ಅಪ್ಪನಿಗೆ ಚಹಾ ಬಂತು. ಆಮೇಲೆ ಮಿಸ್ತ್ರಿಯ ಕಣ್ಣು ನನ್ನ ಮೇಲೆ ಬಿತ್ತು.

‘ಗಾಡಿ ಇವರೂ ಹೊಡೀತಾರೇನ್ರಿ?’

‘ಯಾಕ್ರಿ?’

‘ಹೆಣ್ಮಕ್ಕಳು ಬ್ರೇಕಿನ ಮ್ಯಾಲ ಕಾಲಿಟ್ಕೊಂಡ ಹೊಡೀತಾರ್ರಿ. ಅದಕ್ಕ ಹಿಡೀತಾವು.’

‘ಇಲ್ಲಪಾ, ಆಕಿ ಇನ್ನೂ ಒಂದಿನಾನೂ ಹೊಡದಿಲ್ಲ.’

ಮಿಸ್ತ್ರಿ ಸ್ವಲ್ಪ ಯೋಚಿಸಿ ಹೇಳಿದ: ‘ಹೊಡೀದನ ಇಷ್ಟಾಗೈತಿ ಅಂದ್ರ, ಹೊಡದ ಮ್ಯಾಲ ಏನ್ ಗತಿ ಮಾಸ್ತರ?’

ಅಪ್ಪ ಗಂಭೀರವಾಗಿ ತಲೆಯಾಡಿಸಿದರು.

ದೀಪದ ಎಣ್ಣೆ

ನಮ್ಮಜ್ಜಿ ಶನಿವಾರ ತಪ್ಪದೆ ಕದರಮಂಡಲಗಿ ಹನುಮಪ್ಪನ ದರ್ಶನಕ್ಕೆ ಹೋಗುವವರು. ಬರುವಾಗ ಗುಡಿಯ ದೀಪದ ಎಣ್ಣೆಯನ್ನು ಸಣ್ಣ ಬಾಟಲಿಯಲ್ಲಿ ತರುತ್ತಾರೆ, ಮಂಡಿನೋವಿಗೆ ಹಚ್ಚಲು. ಒಂದು ಶನಿವಾರ ವಾಪಸು ಬರುವಾಗ ಬ್ರೇಕು ಹಿಡಿಯಿತು. ಆರಲು ಬಿಟ್ಟು, ತೆವಳುತ್ತ ತೆವಳುತ್ತ ನಮ್ಮೂರ ಹೊರಗಿನ ಗ್ಯಾರೇಜು ಮುಟ್ಟಿದೆವು.

ಅಲ್ಲಿಯ ಮಿಸ್ತ್ರಿ ಬಾನೆಟ್ ಎತ್ತಿ, ಬ್ರೇಕ್ ಆಯಿಲಿನ ಡಬ್ಬಿಯ ಮುಚ್ಚಳ ತೆಗೆದು, ಬೆರಳು ಅದ್ದಿ ಮೂಸಿದರು. ಇನ್ನೊಮ್ಮೆ ಮೂಸಿದರು. ಆಮೇಲೆ ಆ ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು.

‘ಮಾಸ್ತರ, ಇದು ಬ್ರೇಕ್ ಆಯಿಲ್ ಅಲ್ರಿ. ಹನಮಪ್ಪನ ದೀಪದ ಎಣ್ಣಿ. ಕರ್ಪೂರದ ವಾಸನಿ ಐತಿ. ನಾನೂ ಮೊಣಕೈಗೆ ಇದನ್ನ ಹಚ್ಚೋದು.’

ಅಪ್ಪ ನನ್ನ ಕಡೆ ನೋಡಿದರು. ನಾನು ಅಜ್ಜಿಯ ಕಡೆ ನೋಡಿದೆ. ಅಜ್ಜಿ ಯಾರ ಕಡೆಯೂ ನೋಡದೆ, ‘ವಾರಕ್ಕ ಒಂದೀಟ’ ಎಂದರು.

‘ಏನವ್ವಾ ಅಂದ್ರ?’ ಎಂದರು ಅಪ್ಪ.

‘ನೀ ಬಾನೆಟ್ ತಗದಿಟ್ಟು ನೀರು ತರಾಕ ಒಳಗ ಹೋಗ್ತಿದ್ದೆಲ್ಲ, ಅವಾಗ. ಬ್ರೇಕ್ ಬ್ರೇಕ್ ಅಂತ ಒದ್ದಾಡಾಕತ್ತಿದ್ದಿ. ನನ್ನ ಮಂಡಿಗೆ ಬಲ ಬಂತು, ಅದಕ್ಕೂ ಬರ್ಲಿ, ನನ್ನ ಮಗನ ಬ್ರೇಕ್ ಗಟ್ಟಿ ಹಿಡೀಲಪ್ಪಾ ಅಂತ ಬೇಡಿಕೊಂಡ ಹಾಕೇನಿ. ಸುಮ್ನ ಹಾಕಿಲ್ಲ.’

‘ಹಿಡದಾವಜ್ಜಿ’ ಎಂದರು ಮಿಸ್ತ್ರಿ. ‘ಆ ಎಣ್ಣಿಗೆ ಒಳಗಿನ ರಬ್ಬರೆಲ್ಲಾ ಉಬ್ಬಿ ಕುಂತಾವು. ದೇವರು ಕೇಳ್ಯಾನ. ಬಿಡ್ಲಿ ಅಂತ ನೀವು ಬೇಡಿಕೊಂಡಿಲ್ಲ, ಅಷ್ಟ.’

ಸಮಸ್ಯೆ ಅಲ್ಲಿಗೆ ಮುಗಿಯಲಿಲ್ಲ. ಡಬ್ಬಿ, ಪೈಪುಗಳಲ್ಲಿದ್ದದ್ದನ್ನೆಲ್ಲ ಹೊರಗೆ ತೆಗೆಯಬೇಕು. ದಿನಾ ನೆಲದ ಮೇಲೆ ಎಣ್ಣೆ ಚೆಲ್ಲುವ ಮಿಸ್ತ್ರಿ ಇದನ್ನು ಚೆಲ್ಲಲು ಒಪ್ಪಲಿಲ್ಲ. ‘ಪ್ರಸಾದ ಐತ್ರಿ, ಕಾಲಾಗ ತುಳೀತಾರ.’ ಅಜ್ಜಿಗೆ ಆ ಗ್ಯಾರೇಜಿನ ಮೇಲೆ ಮೊದಲ ಬಾರಿ ಗೌರವ ಬಂತು. ತೊಳೆದ ಪಾತ್ರೆ ಹುಡುಕಿ, ಅದರಲ್ಲಿ ಹಿಡಿದು, ಬೇವಿನ ಮರದ ಬುಡಕ್ಕೆ ಮೆರವಣಿಗೆಯಲ್ಲಿ ಒಯ್ದು ಸುರಿದರು. ಜೀವಮಾನವಿಡೀ ವಿಜ್ಞಾನ ಕಲಿಸಿದ ಅಪ್ಪ ಚಪ್ಪಲಿ ಬಿಟ್ಟು ನಿಂತಿದ್ದರು.

ರಬ್ಬರುಗಳೆಲ್ಲ ಹೊಸವಾದವು. ಅಪ್ಪ ಪರೀಕ್ಷೆಗೆಂದು ಕಾಗಿನೆಲೆಗೆ ಹೋಗಿ ಬಂದರು. ನಂಬಿಕೆ ಬಾರದೆ ಗಳಗನಾಥದ ತನಕ ಹೋಗಿ ಬಂದರು. ಒತ್ತಿದರೆ ಹಿಡಿಯಿತು, ಬಿಟ್ಟರೆ ಬಿಟ್ಟಿತು. ಅಪ್ಪನ ಮುಖ ದಿನದಿಂದ ದಿನಕ್ಕೆ ಸಪ್ಪಗಾಯಿತು.

ಹಂಗಾಮು ಶುರುವಾಗುವ ದಿನ ಬೆಳಿಗ್ಗೆ ನಾನು ತಯಾರಾಗಿ ಅಂಗಳದಲ್ಲಿ ನಿಂತೆ. ಅಪ್ಪ ಕೀಲಿಯನ್ನು ಮುಷ್ಟಿಯಲ್ಲಿಟ್ಟುಕೊಂಡು ಬಂದು, ‘ನಡಿ, ಬಸ್‌ಸ್ಟ್ಯಾಂಡ್ ತನಕ ಬಿಟ್ಟು ಬರ್ತೇನಿ’ ಎಂದರು.

ಕಟ್ಟೆಯ ಮೇಲೆ ಕಾಲು ಚಾಚಿ, ಮಂಡಿಗೆ ಎಣ್ಣೆ ಹಚ್ಚಲು ಕೂತಿದ್ದ ಅಜ್ಜಿ ತಲೆ ಎತ್ತಿದರು. ‘ಆಕಿಗೆ ಕೊಡೋ ಕೀಲಿ. ಬ್ರೇಕ್ ಹಿಡಿಸಿದಾಕಿ ನಾನು, ಬಿಡಿಸಿದಾಂವ ಮಿಸ್ತ್ರಿ. ನಡುವ ನಿಂದೇನಪಾ?’

‘ಹಂಗಲ್ಲವ್ವಾ, ಕ್ಲಚ್ ಯಾಕೋ ಸ್ವಲ್ಪ…’

‘ಅದಕ್ಕೂ ಮುಚ್ಚಳ ಐತೇನು?’ ಎಂದರು ಅಜ್ಜಿ.

ಈಗ ಕಿವಿಯಲ್ಲಿ ಪಿಸುಗುಟ್ಟಲು ನನಗೆ ಯಾರೂ ಇರಲಿಲ್ಲ. ಕೈ ಚಾಚಿ, ಪಕ್ಕದ ಮನೆಯವರಿಗೂ ಕೇಳುವಷ್ಟು ಜೋರಾಗಿ ಹೇಳಿಬಿಟ್ಟೆ:

‘ಅಪ್ಪಾ, ಕೀಲಿ ಕೊಡ್ರಿ.’

ಅಪ್ಪ ನನ್ನ ಕೈ ನೋಡಿದರು, ಕಾರು ನೋಡಿದರು, ಗೇಟಿನಾಚೆಯ ರಸ್ತೆ ನೋಡಿದರು. ಅಜ್ಜಿ ಅಪ್ಪನ ಮುಷ್ಟಿಯನ್ನೇ ನೋಡುತ್ತ, ನಿಧಾನವಾಗಿ ಎಣ್ಣೆ ಬಾಟಲಿಯ ಮುಚ್ಚಳ ತಿರುಗಿಸತೊಡಗಿದರು: ‘ಈ ಸಲ ಬಿಡ್ಲಿ ಅಂತ ಬೇಡಿಕೊಂಡ ಹಚ್ಚತೇನಿ.’